ಎರಡನೇ ಕ್ರಾಸಿನ ಬಾವಿ

ಜೆಸಿಬಿಯ ಹಲ್ಲು ಟಾರಿನ ಕೆಳಗೆ ಕಲ್ಲಿಗೆ ತಾಗಿತು. ಕುಡಿಯುವ ನೀರಿನ ಹೊಸ ಪೈಪಿಗಾಗಿ ಎರಡನೇ ಕ್ರಾಸನ್ನು ಅಗೆಸುತ್ತಿದ್ದ ಎಂಜಿನಿಯರ್ ಚಂದ್ರು ಕೈ ಎತ್ತಿ ಯಂತ್ರ ನಿಲ್ಲಿಸಿದ. ಮಣ್ಣು ಸರಿಸಿದರೆ ಮೂರು ಉದ್ದನೆಯ ಚಪ್ಪಡಿಗಳು. ಒಂದನ್ನು ಜರುಗಿಸಿದಾಗ ಒಳಗಿಂದ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಬಗ್ಗಿ ನೋಡಿದವರಿಗೆ ಬಹಳ ಕೆಳಗೆ, ತಟ್ಟೆಯಷ್ಟಗಲ ಆಕಾಶ ಕಂಡಿತು.

ನಕ್ಷೆಯಲ್ಲಿ ಅಲ್ಲಿ ಬಾವಿಯೇ ಇರಲಿಲ್ಲ.

ಗೋಕುಲಂ ದಾಟಿದರೆ ಸಿಗುವ ನಾಲ್ಕು ಕ್ರಾಸುಗಳ ಈ ಬಡಾವಣೆಗೆ ಬೋರ್ಡಿನಲ್ಲಿ ಬೇರೆ ಹೆಸರಿದ್ದರೂ ಆಟೋದವರು ಇವತ್ತಿಗೂ ಸುಣ್ಣದಗೂಡು ಎಂದೇ ಕರೆಯುತ್ತಾರೆ. ಸುಣ್ಣ ಸುಡುವುದನ್ನು ಕಂಡವರು ಈಗ ಒಬ್ಬರೋ ಇಬ್ಬರೋ. ಹೆಂಚಿನ ಮನೆಗಳು ತಾರಸಿಯಾದವು. ಯೋಗ ಕಲಿಯಲು ಬರುವ ಪರದೇಶದವರಿಗಾಗಿ ತಾರಸಿಗಳ ಮೇಲೆ ಬಾಡಿಗೆ ಕೋಣೆಗಳೆದ್ದವು. ಆದರೆ ಜನವರಿಯ ಮಂಜು ಇಳಿದ ಇಂಥ ಬೆಳಿಗ್ಗೆಗಳಲ್ಲಿ ಮನೆಗಳ ಅಂಚೂ ಸಂಪಿಗೆ ಮರಗಳೂ ಕರಗಿ, ಹೆಗಲಿಗೆ ಚಾಪೆ ಏರಿಸಿ ಸೈಕಲ್ ತುಳಿಯುವವರು, ಎಲ್ಲರೂ ಯಾರದೋ ನಿದ್ದೆಯೊಳಗಿಂದ ಹಾದುಹೋಗುವವರಂತೆ ಕಾಣುತ್ತಾರೆ.

ಚಂದ್ರು ಆಫೀಸಿಗೆ ಫೋನ್ ಮಾಡಿದ. ಸಂಜೆಯೊಳಗೆ ಮಣ್ಣು ತುಂಬಿಸಿ ಮುಂದಿನ ಕೆಲಸ ನೋಡಿ ಎಂದರು. ಟಿಪ್ಪರ್ ಬರುವ ಹೊತ್ತಿಗೆ ಪುಟ್ಟಮಾದಮ್ಮ ಬಂದಳು. ಕ್ರಾಸಿನ ಕೊನೆಯ ಮನೆ ಅವಳ ಮಗ ವಸಂತನದು. ಕೆಳಗೆ ಅವನ ಎಲೆಕ್ಟ್ರಿಕ್ ಅಂಗಡಿ, ಮೇಲೆ ಸಂಸಾರ. ಐವತ್ತು ವರ್ಷದ ಹಿಂದೆ ಈ ಬೀದಿಗೆಲ್ಲ ಇಟ್ಟಿಗೆ ಹೊತ್ತವರಲ್ಲಿ ಅವಳೂ ಒಬ್ಬಳು. ಜನ ದಾರಿ ಬಿಟ್ಟರು. ಅವಳು ಬಾವಿಯ ಬಾಯಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒಳಗೆ ಬಗ್ಗಿ ನೋಡಿದಳು.

ತೋಡಿದ್ದು ತನ್ನ ಗಂಡ ಎಂದು ಚಂದ್ರುವಿಗೆ ಹೇಳಿದಳು. ಮನೆ ಕಟ್ಟುವ ಗಾರೆಗೆ ನೀರು ಬೇಕೆಂದು ಅವನೂ ಇನ್ನೂ ನಾಲ್ವರೂ ಒಂದು ಬೇಸಿಗೆ ಪೂರ್ತಿ ತೋಡಿದ್ದರಂತೆ. ಅವನು ಆಗ ರಾತ್ರಿ ಶಾಲೆಯಲ್ಲಿ ಹೊಸದಾಗಿ ಅಕ್ಷರ ಕಲಿತಿದ್ದ. ಬಾಯಿಯ ಕಲ್ಲು ಕೂರಿಸಿದ ದಿನ ಒಳಮೈಯಲ್ಲಿ ತನ್ನ ಹೆಸರು ಕೆತ್ತುತ್ತಿದ್ದಾಗ ಮನೆಯ ಯಜಮಾನರು ಬಂದರೆಂದು ಉಳಿ ಎತ್ತಿಕೊಂಡು ಎದ್ದುಬಿಟ್ಟನಂತೆ. ಮಾರನೆಯ ದಿನದಿಂದ, ತೋಡಿದ ಇವರ ಕೇರಿಯವರು ಯಾರೂ ಬಾವಿಯ ಹತ್ತಿರ ಹೋಗುವ ಹಾಗಿರಲಿಲ್ಲ. ಅವನು ಹೇಳಿದ್ದು ನಿಜವೋ ಬಡಾಯಿಯೋ, ಅವಳು ನೋಡಿಯೇ ಇರಲಿಲ್ಲ.

ಚಂದ್ರು ಟಿಪ್ಪರಿನವನಿಗೆ ಕಾಯಲು ಹೇಳಿದ. ನೆಲದ ಮೇಲೆ ಬೋರಲು ಮಲಗಿ, ಮೊಬೈಲಿನ ಬೆಳಕು ಹಾಯಿಸಿ, ಕೈಗೆ ಸಿಕ್ಕ ಕಡೆಯೆಲ್ಲ ಪಾಚಿ ಕೆರೆದ. ಸುಮಾರು ಹೊತ್ತಾಯಿತು. ಕೊನೆಗೆ ಅವನ ಬೆರಳು ಒಂದು ಕಡೆ ನಿಂತಿತು.

"ಮೂಗ ಅಂತ ಇದೆ ಅಜ್ಜಿ. ಯಾರಾದ್ರೂ ಮೂಗ ಇದ್ರಾ?"

"ಮೂಗಯ್ಯ ಕಣಪ್ಪ. ಒಂದಕ್ಷರ ಉಳ್ಕೊಬುಡ್ತು."

ಮೊದಲ ಮನೆಯ ಕಮಲ ಆಗಲೇ ಗೇಟಿನಿಂದ ಹೊರಗೆ ಬಂದಿದ್ದರು. ನಿವೃತ್ತ ಶಿಕ್ಷಕಿ, ಬೀದಿಯ ಅರ್ಧ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಅವರ ತಂದೆಯೇ ಆ ಯಜಮಾನರು. ಕಮಲ ಪುಟ್ಟಮಾದಮ್ಮನ ಪಕ್ಕ ನೆಲದ ಮೇಲೇ ಕೂತರು.

"ಆವತ್ತು ನಾನೂ ಇದ್ದೆ. ಅಪ್ಪನ ಕೈ ಹಿಡ್ಕೊಂಡು ನಿಂತಿದ್ದೆ," ಎಂದರು. "ಮೂಗಯ್ಯನವರು ಎದ್ದು ಹೋಗಿದ್ದು ನೋಡ್ದೆ. ಯಾಕೆ ಅಂತ ಅಪ್ಪನ್ನ ಕೇಳ್ಲಿಲ್ಲ."

ಉಳಿ ತರಿಸಿ ಆ ಅಕ್ಷರ ಕೆತ್ತಿಸೋಣವೇ ಎಂದು ಕಮಲ ಮೆಲ್ಲಗೆ ಕೇಳಿದರು.

"ಬ್ಯಾಡಿ. ಅವ್ರು ಬುಟ್ಟಂಗೇ ಇರ್ಲಿ. ನಂಗೊಂದ್ ಕೊಡ ನೀರು ಸೇದ್ಬೇಕು."

ಕಮಲ ಒಳಗೆ ಹೋಗಿ ತಾಮ್ರದ ಕೊಡ ತಂದರು. ಕೆಲಸಗಾರರೊಬ್ಬರು ಹಗ್ಗ ಕೊಟ್ಟರು. ಎಳೆಯುತ್ತೇನೆಂದು ಚಂದ್ರು ಮುಂದೆ ಬಂದರೆ ಪುಟ್ಟಮಾದಮ್ಮ ಬಿಡಲಿಲ್ಲ. ಕೊಡ ಇಳಿಯುತ್ತಾ ಹೋಯಿತು. ಕೆಳಗಿನ ಆಕಾಶ ಒಮ್ಮೆ ಒಡೆದು ಮತ್ತೆ ಕೂಡಿತು. ಮೇಲೆ ಬರುವಷ್ಟರಲ್ಲಿ ಅವಳ ಎಳೆತ ನಿಧಾನವಾಯಿತು. ಕಮಲ ಹಿಂದಿನಿಂದ ಹಗ್ಗದ ತುದಿ ಹಿಡಿದುಕೊಂಡರು. ಅದನ್ನು ಮಾತ್ರ ಅವಳು ಬೇಡ ಎನ್ನಲಿಲ್ಲ.

ಕುಡಿಯಬೇಡಿ ಎಂದು ಚಂದ್ರು ಹೇಳುತ್ತಿದ್ದಂತೆಯೇ ಅವಳು ಬೊಗಸೆಯಷ್ಟು ಬಾಯಿಗೆ ಹಾಕಿಕೊಂಡಳು. ನುಂಗದೆ, ಕಣ್ಣು ಮುಚ್ಚಿ, ತುಂಬ ಹೊತ್ತು ನಿಂತಳು.

"ಎಂಗೈತೆ?" ಎಂದರು ಕಮಲ, ಅವಳದೇ ಮಾತಿನಲ್ಲಿ.

"ವಸಿ ಸುಣ್ಣ ಸುಣ್ಣ ಕಣ್ರವ್ವ," ಎಂದಳು ನುಂಗಿದ ಮೇಲೆ. ಉಳಿದದ್ದನ್ನು ತನ್ನ ಕಾಲ ಮೇಲೆ, ನಿಧಾನವಾಗಿ, ಕೊಡ ಬರಿದಾಗುವ ತನಕ ಸುರಿದುಕೊಂಡಳು.

ಚಂದ್ರು ಟಿಪ್ಪರನ್ನು ವಾಪಸು ಕಳಿಸಿದ. ಪೈಪನ್ನು ಎರಡು ಮಾರು ಪಕ್ಕಕ್ಕೆ ತಿರುಗಿಸಿದರೆ ಬಾವಿಗೆ ಮಣ್ಣು ಹಾಕಬೇಕಾಗಿಲ್ಲ, ಚಪ್ಪಡಿ ಮುಚ್ಚಿದರೆ ಸಾಕು ಎಂದು ಮತ್ತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಒಪ್ಪಿಸುವ ಹೊತ್ತಿಗೆ ಮಂಜು ಹರಿದು ದೂರದಲ್ಲಿ ಬೆಟ್ಟ ಕಾಣತೊಡಗಿತ್ತು.

ಅಷ್ಟರಲ್ಲಿ ಪುಟ್ಟಮಾದಮ್ಮ ಮನೆಯ ಕಡೆ ಹೊರಟಿದ್ದಳು. ಅಗೆಯದೆ ಉಳಿದ ರಸ್ತೆಯಲ್ಲಿ ಅವಳ ಒದ್ದೆ ಹೆಜ್ಜೆಗಳು ನಡುಬೀದಿಯ ಉದ್ದಕ್ಕೂ ಮೂಡಿದ್ದವು. ಮೊದಲಿನವು ಒಣಗುತ್ತಿದ್ದವು, ಮುಂದಿನವು ಇನ್ನೂ ಹೊಳೆಯುತ್ತಿದ್ದವು. ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು, ಏನೆಂದು ಗೊತ್ತಿಲ್ಲದೆಯೇ, ಅವುಗಳನ್ನು ತುಳಿಯದಂತೆ ಬದಿಗೆ ಸರಿದು ಹೋದಳು.