ಜೋಳಿಗೆಗೆ ಬಿದ್ದ ಹುಂಜ

ಆ ಸೋಮವಾರ ಬೆಳಿಗ್ಗೆ ಬಿಸಿಲು ಎಂದಿಗಿಂತ ಬೇಗ ಬಂದು, ಹಿಂದಿನ ಸಂಜೆ ಏನೂ ನಡೆದೇ ಇಲ್ಲವೆಂಬಂತೆ ಮದಲೂರಿನ ಅಂಗಳಗಳಲ್ಲಿ ಕಾಲು ಚಾಚಿ ಕೂತಿತ್ತು. ಗಾಳಿಯಲ್ಲಿ ಮಾತ್ರ ವೈಶಾಖಕ್ಕೆ ಸಲ್ಲದ ತಂಪು. ಹೊಂಗೆಮರದ ಬುಡದಲ್ಲಿ ಆಲಿಕಲ್ಲು ಪೂರ್ತಿ ಕರಗದೆ ಇನ್ನೂ ಒಂದಿಷ್ಟು ಉಳಿದಿತ್ತು. ದಾಕ್ಷಾಯಣಮ್ಮ ಅದನ್ನು ಪೊರಕೆಯಿಂದ ಮೂಲೆಗೆ ತಳ್ಳುತ್ತ, ಶಿವನಿಗೆ ಮೇಲಿನಿಂದ ಸುರಿಯಲೇಬೇಕು ಅನ್ನಿಸಿದ್ದರೆ ಕಲ್ಲುಸಕ್ಕರೆ ಸುರಿಯಬಹುದಿತ್ತು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಗೌಡಗೆರೆ ಕಡೆಯಿಂದ ಬಂದ ಗಾಡಿಯವನು ನೀರು ಕುಡಿಯಲು ನಿಂತು ಸುದ್ದಿ ಹೇಳಿದ. ಇಲ್ಲಿ ಬಿದ್ದದ್ದು ಚೂರುಪಾರು. ಅಲ್ಲಿ ಒಂದೊಂದು ನಿಂಬೆಹಣ್ಣಿನಷ್ಟು ದಪ್ಪ. ಗೊಲ್ಲರ ಹಟ್ಟಿಯ ಗುಡಿಸಲುಗಳ ಹುಲ್ಲು ಗಾಳಿಗೆ ಹಾರಿಹೋಗಿದೆ. ಮೇಯಲು ಹೋಗಿದ್ದ ಕುರಿಗಳು ಬಯಲಲ್ಲಿ ಆಸರೆ ಸಿಗದೆ ನಿಂತಲ್ಲೇ ಸತ್ತಿವೆ. ಜನ ಹೇಗೋ ಉಳಿದಿದ್ದಾರೆ.

ದಾಕ್ಷಾಯಣಮ್ಮ ಪೊರಕೆ ಕೆಳಗಿಟ್ಟು ಒಳಗೆ ಹೋಗಿ ಗೂಟದಿಂದ ಜೋಳಿಗೆ ತೆಗೆದು ಗಂಡನ ಮುಂದೆ ಹಿಡಿದರು. ನಾಗಲಿಂಗಯ್ಯನವರು ಪೂಜೆ ಮುಗಿಸಿ ಏಳುತ್ತಿದ್ದರು. ಅವರು ಅದನ್ನು ಹೆಗಲಿಗೆ ಹಾಕಿಕೊಂಡರು.

ಮದಲೂರಿನ ಆ ಕಾವಿ ಬಟ್ಟೆಯ ಜೋಳಿಗೆ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಸೋಮವಾರದ ಭಜನೆಯವರು ಕಟ್ಟಿಕೊಂಡಿದ್ದ ಏರ್ಪಾಡು ಅದು. ಎಲ್ಲಾದರೂ ಬೆಂಕಿ ಬಿದ್ದರೆ, ಕೆರೆ ಒಡೆದರೆ, ತಾಳ ತಟ್ಟುತ್ತ ಬೀದಿ ಬೀದಿ ತಿರುಗುವರು; ಜನ ಕೈಲಾದದ್ದು ಹಾಕುವರು; ಅದನ್ನು ಗಾಡಿಗೆ ಹೇರಿ ನೊಂದವರ ಬಾಗಿಲಿಗೆ ಮುಟ್ಟಿಸುವರು. ಇದನ್ನು ಶುರುಮಾಡಿಕೊಟ್ಟ ಹಿರಿಯ ಸ್ವಾಮಿಗಳು ಕಣ್ಣುಮುಚ್ಚುವ ಮೊದಲು ನಾಗಲಿಂಗಯ್ಯನವರಿಂದ ಮಾತು ತೆಗೆದುಕೊಂಡಿದ್ದರು. ಕೊಟ್ಟದ್ದನ್ನು ಬೇಡ ಅನ್ನಬಾರದು. ಬಿದ್ದದ್ದನ್ನು ಮಾರಬಾರದು, ಇನ್ನೊಂದಕ್ಕೆ ಬದಲಿಸಬಾರದು, ಮನೆಯಲ್ಲಿ ಉಳಿಸಿಕೊಳ್ಳಬಾರದು. ಕೊಟ್ಟವನ ಕೈಯಿಂದ ಹೊರಟದ್ದು ನೊಂದವನ ಕೈಗೇ ಸೇರಬೇಕು. ಹೀಗಾಗಿ ಆ ಜೋಳಿಗೆಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಅದರ ಜೊತೆಗೆ ಗಾಡಿಯಲ್ಲಿ ಏನೇನು ಕೂತಿರುತ್ತಿತ್ತು ಎಂಬುದು ಬೇರೆ ಮಾತು.

ಆ ಸಲ ಮದಲೂರಿನಲ್ಲಿ ರಾಗಿಹಿಟ್ಟು, ಬೆಲ್ಲ, ಹಳೆಯ ಸೀರೆಗಳು ಸಿಕ್ಕವು. ಸಿರಾ ಪೇಟೆಗೆ ಬಂದರೆ ದಾನದ ಬಗೆಯೇ ಬದಲಾಯಿತು. ಬಳೆ ಅಂಗಡಿಯ ಸಾಹೇಬರು ‘ಮಳೇಲಿ ನೆಂದವರಿಗೆ ಬಹುತ್ ಜರೂರಿ’ ಎಂದು ದೊಡ್ಡದೊಂದು ಛತ್ರಿ ಕೊಟ್ಟರು. ಇನ್ನೊಬ್ಬರು ಮಗನ ಮದುವೆಯಲ್ಲಿ ಬಂದಿದ್ದ, ಮನೆಯಲ್ಲಿ ಯಾರಿಗೂ ಹಿಡಿಸದ ಮಂಚವನ್ನು ಸಂತೋಷದಿಂದ ಹೊರಿಸಿದರು. ಪೇಟೆಯ ಕೊನೆಯ ಮನೆ ದೊಡ್ಡರಂಗಪ್ಪನದು. ಅವನು ಬಹಳ ಹೊತ್ತು ಯೋಚಿಸಿ ಹಿತ್ತಲಿಗೆ ಹೋಗಿ, ಕೆಂಪು ಜುಟ್ಟಿನ ಹುಂಜವೊಂದನ್ನು ಎತ್ತಿಕೊಂಡು ಬಂದ. ಅದರ ಕಾಲಿಗೆ ತೆಂಗಿನ ನಾರಿನ ಹಗ್ಗ ಕಟ್ಟಿತ್ತು.

“ಜೀವ ಹೋದ ಕಡೆಗೆ ಜೀವಾನೇ ಕೊಡ್ಬೇಕು ಅಯ್ನೋರೇ,” ಎಂದ. “ನನ್ನ ಮನೇಲಿ ಕೊಡೋ ಅಂಥ ಜೀವ ಇದೊಂದೇ.”

ಅವನು ತಮಾಷೆ ಮಾಡುತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು. ಹುಟ್ಟಿದಾರಭ್ಯ ಕೋಳಿಯ ನೆರಳು ದಾಟಿದರೂ ಕಾಲು ತೊಳೆಯುವ ಮನೆತನದ ನಾಗಲಿಂಗಯ್ಯನವರು ಒಮ್ಮೆ ಹುಂಜವನ್ನೂ ಒಮ್ಮೆ ಆಕಾಶವನ್ನೂ ನೋಡಿದರು. ಬೇಡ ಅನ್ನುವಂತಿಲ್ಲ. ದಾಕ್ಷಾಯಣಮ್ಮ ಮೂಗಿಗೆ ಸೆರಗು ಹಿಡಿದುಕೊಂಡೇ ಒಂದು ಮಂಕರಿ ಬೋರಲು ಹಾಕಿ ಹುಂಜವನ್ನು ಗಾಡಿಯಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ತಾಳ ಬಿದ್ದಾಗಲೆಲ್ಲ ಅದು ತನ್ನದೂ ಒಂದು ದನಿ ಸೇರಿಸುತ್ತಿತ್ತು. ಭಜನೆಯವರಲ್ಲಿ ಕೆಲವರಿಗಿಂತ ಅದಕ್ಕೆ ತಾಳಜ್ಞಾನ ಚೆನ್ನಾಗಿದೆ ಎಂದರು ದಾಕ್ಷಾಯಣಮ್ಮ.

ಬುಧವಾರ ಹೊತ್ತೇರುವಾಗ ಗಾಡಿ ಹಟ್ಟಿಯ ಮುಳ್ಳುಬೇಲಿಯ ಮುಂದೆ ನಿಂತಿತು. ಹಟ್ಟಿಯ ಯಜಮಾನ ಕಾಟಪ್ಪ ಬಂದು ಕೈಮುಗಿದ. ಹಿಟ್ಟು, ಬೆಲ್ಲ, ಸೀರೆಗಳನ್ನು ಕಂಡು ಹೆಂಗಸರ ಮುಖ ಅರಳಿತು. ಮಂಚವನ್ನು ಮಕ್ಕಳು ಆಗಲೇ ಹತ್ತಿ ಕುಣಿಯುತ್ತಿದ್ದರು. ಅಷ್ಟರಲ್ಲಿ ಮಂಕರಿಯೊಳಗಿನಿಂದ ಹುಂಜ ಕೂಗಿತು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು.

ಆ ಹಟ್ಟಿಯ ದೇವರಿಗೆ ಕೋಳಿ ಆಗದು. ಅಜ್ಜಂದಿರ ಕಾಲದಿಂದ ಬೇಲಿಯೊಳಗೆ ಕೋಳಿಯ ಪುಕ್ಕ ಕೂಡ ಬಿದ್ದಿಲ್ಲ ಎಂದು ಕಾಟಪ್ಪ ತಗ್ಗಿದ ದನಿಯಲ್ಲೇ ತಿಳಿಸಿದ. ತಿರುಗಿ ಗಾಡಿಯಲ್ಲಿ ಒಯ್ಯುವುದು ಜೋಳಿಗೆಗೆ ಆಗದು ಎಂದು ನಾಗಲಿಂಗಯ್ಯನವರು ಅಷ್ಟೇ ವಿನಯದಿಂದ ತಿಳಿಸಿದರು. ಇಬ್ಬರೂ ದೇವರಿಗೆ ಹೆದರುವವರು, ಇಬ್ಬರಿಗೂ ಇನ್ನೊಬ್ಬರ ಮೇಲೆ ಗೌರವ. ಆದ್ದರಿಂದ ಜಗಳ ಹುಟ್ಟಲಿಲ್ಲ, ದಾರಿಯೂ ಹೊಳೆಯಲಿಲ್ಲ. ಬೇಲಿಯ ಹೊರಗಿನ ಬೇವಿನ ಮರದ ಕೆಳಗೆ ಎದುರುಬದುರು ಕೂತರು. ನಡುವೆ ಮಂಕರಿ. ಹುಂಜ ಅದರ ಸಂದಿನಿಂದ ಆಗಾಗ ಇಬ್ಬರ ಕಡೆಗೂ ಕತ್ತು ಹೊರಳಿಸಿ ನ್ಯಾಯ ಕೇಳುತ್ತಿತ್ತು.

ಆಗ ಹಟ್ಟಿಯ ಕರಿಯಕ್ಕ ಬಂದಳು. ಎರಡು ಕಂಕುಳಲ್ಲೂ ಒಂದೊಂದು ಕುರಿಮರಿ. ಅವಳ ತಾಯಿಕುರಿಗಳೆಲ್ಲ ಬಯಲಲ್ಲಿ ಸತ್ತಿದ್ದವು. ಹಟ್ಟಿಯ ಗೂಡಿನಲ್ಲಿ ಬಿಟ್ಟುಹೋಗಿದ್ದ ಈ ಎರಡು ಹೆಣ್ಣುಮರಿ ಮಾತ್ರ ಉಳಿದಿದ್ದವು. ಇವು ಬದುಕಿದರೆ ಇನ್ನೊಂದಿಷ್ಟು ವರ್ಷಕ್ಕೆ ಮತ್ತೆ ಹಿಂಡು. ಹೋದರೆ ಅವಳು ಇನ್ನೊಬ್ಬರ ಕುರಿಯ ಹಿಂದೆ ಹೋಗಬೇಕು. ರಾಗಿಗಂಜಿಯನ್ನು ಬಟ್ಟೆಯಲ್ಲದ್ದಿ ಚೀಪಿಸಿ ನೋಡಿದ್ದಳು, ಹೊಟ್ಟೆ ಕೆಟ್ಟಿತ್ತು. ಉಳಿದ ಕುರಿಗಳಿಗೆ ತಮ್ಮ ಮರಿಗೇ ಹಾಲು ಸಾಲದು. ಅವಳು ಮಂಚವನ್ನು ನೋಡಲಿಲ್ಲ, ಸೀರೆಯನ್ನು ನೋಡಲಿಲ್ಲ. ಗಾಡಿಯಲ್ಲಿ ಹಾಲು ಕೊಡುವ ಆಡೇನಾದರೂ ಬಂದಿದೆಯೇ ಎಂದಷ್ಟೇ ಕೇಳಿದಳು.

ಬಂದಿರಲಿಲ್ಲ. ಏನು ಬೇಕೆಂದು ಯಾರೂ ಮೊದಲು ಬಂದು ಕೇಳಿರಲಿಲ್ಲ. ಕೊಡುವ ಸಡಗರದಲ್ಲಿ ಅದು ಯಾರಿಗೂ ತೋಚಿರಲಿಲ್ಲ. ನಾಗಲಿಂಗಯ್ಯನವರು ತಲೆ ತಗ್ಗಿಸಿ ಛತ್ರಿಯನ್ನು ಮುಂದಕ್ಕೆ ತಳ್ಳಿದರು. ಅವಳು ಅದನ್ನು ಬಿಚ್ಚಿ ನೆಲಕ್ಕೆ ಓರೆಮಾಡಿ ಮರಿಗಳನ್ನು ಅದರ ನೆರಳಿಗೆ ಬಿಟ್ಟು, ಮಂಕರಿಯನ್ನೇ ನೋಡುತ್ತ ನಿಂತಳು.

“ಅಯ್ನೋರೇ, ಈ ಹುಂಜಾನ ನಂಗೆ ಕೊಡ್ತೀರಾ?”

“ನಿಂಗೇ ಕಣವ್ವ. ಆದ್ರೆ ನೀವು ಮುಟ್ಟಂಗಿಲ್ವಲ್ಲ. ಕೈಗೆ ಮುಟ್ಟಿಸ್ದೆ ನನ್ನ ಮಾತು ತೀರಲ್ಲ.”

ಕರಿಯಕ್ಕ ಬಗ್ಗಿ, ಮಂಕರಿಯಿಂದ ಹೊರಗೆ ಇಳಿಬಿದ್ದಿದ್ದ ನಾರಿನ ಹಗ್ಗದ ತುದಿಯನ್ನು ಎರಡು ಬೆರಳಲ್ಲಿ ಹಿಡಿದಳು. ಹಗ್ಗ ಕೋಳಿಯಲ್ಲ ಎಂದು ಕಾಟಪ್ಪನೂ ಒಪ್ಪಿ ತಲೆ ಆಡಿಸಿದ.

“ಈಗ ಇದು ನನ್ ಕೈಗೆ ಬಂತಲ್ಲ? ನಿಮ್ಮ ಜೋಳಿಗೆ ಮಾತು ಮುಗೀತು. ಇನ್ ನನ್ ಮಾತು ಕೇಳಿ. ಹಾಲಿರೋ ಆಡು ಯಾರ ಮನೇಲೈತೋ ನೋಡಿ, ಇದನ್ನ ಪಾಲಿಗೆ ಬುಟ್ಟು ಆಡನ್ನ ಪಾಲಿಗೆ ಇಸ್ಕೊಂಡ್ ಬನ್ನಿ. ಮಾರ್ದಂಗೂ ಆಗಲ್ಲ, ಬದಲ್ಸಿದಂಗೂ ಆಗಲ್ಲ.”

ಪಾಲಿಗೆ ಬಿಡುವುದು ಆ ಸೀಮೆಯ ವಾಡಿಕೆ. ಪ್ರಾಣಿ ಒಬ್ಬರದು, ಸಾಕುವವರು ಇನ್ನೊಬ್ಬರು. ಹುಟ್ಟಿದ್ದರಲ್ಲಿ ಅರ್ಧ ಅರ್ಧ. ಕೊನೆಗೆ ಪ್ರಾಣಿ ತನ್ನ ಗೂಟಕ್ಕೆ ವಾಪಸು. ಕುರಿ, ಹಸು ಹಾಗೆ ಹೋಗುವುದನ್ನು ಎಲ್ಲರೂ ನೋಡಿದ್ದರು. ಹುಂಜ ಹೋದದ್ದನ್ನು ಯಾರೂ ನೋಡಿರಲಿಲ್ಲ.

“ಹೊತ್ಕೊಂಡ್ ಹೋಗೋರು ಯಾರು?” ಎಂದರು ನಾಗಲಿಂಗಯ್ಯ.

“ನಾವು ಮುಟ್ಟಂಗಿಲ್ಲ, ನೀವೇ ಹೋಗ್ಬೇಕು.”

“ನಾವೂ ಮುಟ್ಟಂಗಿಲ್ಲ ಕಣವ್ವ.”

“ಸಿರಾದಿಂದ ಇಲ್ಲೀಗಂಟ ಅದೇನು ನಡ್ಕೊಂಡು ಬಂತಾ?”

ನಾಗಲಿಂಗಯ್ಯನವರು ಹೆಂಡತಿಯ ಕಡೆ ನೋಡಿದರು. ದಾಕ್ಷಾಯಣಮ್ಮ ಮರಿಗಳ ಕಡೆ ನೋಡುತ್ತಿದ್ದರು. ಒಂದು ಮರಿ ಛತ್ರಿಯ ಹಿಡಿಯನ್ನೇ ತಾಯಿಯ ಕೆಚ್ಚಲೆಂದು ಚೀಪುತ್ತಿತ್ತು.

“ಹೋಗ್ಬನ್ನಿ ಅಂದ್ರೆ,” ಎಂದರು ಆಕೆ. “ಬಂದ ಮೇಲೆ ಸ್ನಾನ ಮಾಡಿದ್ರಾಯ್ತು. ನೀರಿಗೇನು ಕೊರತೆ, ಮೊನ್ನೆ ಬೇಕಾದಷ್ಟು ಬಿದ್ದಿದೆಯಲ್ಲ.”

ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಗಲಲ್ಲಿ ಹುಂಜ. ನಾಗಲಿಂಗಯ್ಯನವರು ಗೌಡಗೆರೆಯ ಬೀದಿಗೆ ಬಂದಾಗ ಅರಳಿಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಅದು ಗೌರವಕ್ಕೋ, ಚೆನ್ನಾಗಿ ಕಾಣಲೆಂದೋ ಅವರಿಗೆ ತಿಳಿಯಲಿಲ್ಲ. ಅವರು ಶಿವನಾಮ ಜಪಿಸುತ್ತ ನಡೆದರೆ, ಹುಂಜ ಆ ಜಪಕ್ಕೂ ದನಿಗೂಡಿಸಿತು. ಮೊದಲ ಮನೆಯಲ್ಲಿ ಆಡಿಗೆ ಹಾಲಿರಲಿಲ್ಲ. ಎರಡನೆಯ ಮನೆಯವನು, ಅಯ್ಯನವರು ಬಿಸಿಲಲ್ಲಿ ಬಂದಿದ್ದೀರಿ ಎಂದು ಮಜ್ಜಿಗೆ ಕೊಟ್ಟು, ಹುಂಜಕ್ಕೂ ಕಾಳು ಹಾಕಿ, ಆಡು ಮಾತ್ರ ಕೊಡಲಿಲ್ಲ. ಮೂರನೆಯದಾದ ಕೆಂಚಮ್ಮನ ಮನೆಯಲ್ಲಿ ಅಂಗಳ ತುಂಬ ಹೇಂಟೆಗಳು, ಗೂಟದಲ್ಲಿ ತುಂಬಿದ ಕೆಚ್ಚಲಿನ ಆಡು. ಅವಳ ಹುಂಜ ಅದೇ ಆಲಿಕಲ್ಲಿಗೆ ಸತ್ತಿತ್ತು.

“ಮದಲೂರಿನ ಅಯ್ನೋರು ಕೋಳಿ ಯಾಪಾರ ಯಾವಾಗಿಂದ ಸುರು ಮಾಡಿದ್ರಿ?” ಎಂದಳು ಕೆಂಚಮ್ಮ.

ಅವರು ನಡೆದದ್ದನ್ನೆಲ್ಲ ಹೇಳಿದರು. ಕೆಂಚಮ್ಮನಿಗೆ ನಗು ತಡೆಯಲಾಗಲಿಲ್ಲ, ಆದರೆ ಮರಿಗಳ ಮಾತು ಬಂದಾಗ ನಗು ನಿಂತಿತು. ಒಂಟಿ ಹೆಂಗಸು ಅವಳು. ಹಿಂದೊಮ್ಮೆ ಪಾಲಿಗೆ ಕೊಟ್ಟ ಹಸುವನ್ನು ಹೊಡೆದುಕೊಂಡು ಹೋದವನು ಪಾವಗಡದ ಆಚೆ ಎಲ್ಲೋ ಮಾಯವಾಗಿದ್ದ. ಅವಳು ಆಡಿನ ಬೆನ್ನು ಸವರಿದಳು. ಆಮೇಲೆ ಗೂಟದಿಂದ ನಾರಿನ ಹಗ್ಗ ಬಿಚ್ಚಿ ಅವರ ಕೈಗೆ ಕೊಟ್ಟಳು.

“ಯಾವ ಗೂಟದಿಂದ ಹೋಯ್ತದೋ ಅದೇ ಗೂಟಕ್ಕೆ ಬರ್ಬೇಕು ಅಯ್ನೋರೇ. ಬರ್ಲಿಲ್ಲಾಂದ್ರೆ ಈ ಹುಂಜನ್ನ ಸಾರು ಮಾಡಿ ನಿಮ್ ಮನೆ ಬಾಗ್ಲಿಗೇ ತಂದು ಇಕ್ತೀನಿ.”

ನಾಗಲಿಂಗಯ್ಯನವರು ತಮ್ಮ ಜನ್ಮದಲ್ಲಿ ಅದಕ್ಕಿಂತ ಗಟ್ಟಿಯಾದ ಕರಾರಿಗೆ ಒಪ್ಪಿರಲಿಲ್ಲ.

ಆಡು ಮೊದಲ ದಿನ ಮರಿಗಳನ್ನು ಒದ್ದಿತು. ಕರಿಯಕ್ಕ ಅದರದೇ ಹಾಲನ್ನು ಹಿಂಡಿ ಮರಿಗಳ ಮೈಗೆ ಸವರಿ ಪಕ್ಕದಲ್ಲೇ ಕೂತಳು. ಆಡು ಮೂಸಿತು, ಸೀನಿತು, ಕೊನೆಗೆ ಬೇಸತ್ತು ಸುಮ್ಮನೆ ನಿಂತಿತು. ಮರಿಗಳ ಬಾಲ ಎರಡೂ ಒಟ್ಟಿಗೆ ಅಲುಗತೊಡಗಿದ್ದನ್ನು ಕಂಡು ದಾಕ್ಷಾಯಣಮ್ಮ ಬೇಲಿಯಾಚೆ ನಿಂತೇ ಕೈಮುಗಿದರು.

ಅಲ್ಲಿಂದ ಮುಂದೆ ಜೋಳಿಗೆಯ ಕೆಲಸಕ್ಕೆ ಒಂದು ಹೊಸ ಕಟ್ಟುಪಾಡು ಸೇರಿತು. ಎಲ್ಲಿ ಏನೇ ಆದರೂ ಮೊದಲು ಯಾರಾದರೊಬ್ಬರು ಬರಿಯ ಜೋಳಿಗೆ ಹೆಗಲಿಗೆ ಹಾಕಿಕೊಂಡು ಹೋಗಿ, ಕೂತು, ಏನು ಬೇಕೆಂದು ಕೇಳಿ ಬರಬೇಕು. ತಾಳ ತಟ್ಟುವುದು ಆಮೇಲೆ. ಮತ್ತೆ ಯಾರೂ ಮಂಚ ಕೊಡಲಿಲ್ಲ.

ಹುಂಜದ ಕಥೆ ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. ಕೆಂಚಮ್ಮನ ಅಂಗಳದಲ್ಲಿ ಕೋಳಿಮರಿಗಳಾದವು. ಪಾಲಿನ ಪ್ರಕಾರ ಅರ್ಧ ಕರಿಯಕ್ಕನವು, ಅವಳು ಮುಟ್ಟುವಂತಿಲ್ಲ. ಅವಳು ತನ್ನ ಪಾಲನ್ನು ಜೋಳಿಗೆಗೆ ಎಂದುಬಿಟ್ಟಳು. ಜೋಳಿಗೆಯೋ ಬೇಡ ಅನ್ನುವಂತಿಲ್ಲ. ಹೀಗೆ ಒಂದು ಸೋಮವಾರ ನಾಗಲಿಂಗಯ್ಯನವರು ಚಿಲಿಪಿಲಿ ಎನ್ನುವ ಮಂಕರಿ ಹೊತ್ತು, ಮಳೆಗೆ ಗೋಡೆ ಕುಸಿದಿದ್ದ ಇನ್ನೊಂದು ಊರಿನ ಕೇರಿಗೆ ಹೋದರು. ಈ ಸಲ ಮೊದಲೇ ಕೇಳಿಕೊಂಡು ಬಂದಿದ್ದರಿಂದ ಅಲ್ಲಿಯ ಜನ ಕೋಳಿಮರಿಗಳನ್ನು ಎದುರುಗೊಂಡರು. ಅವತ್ತು ದಾಕ್ಷಾಯಣಮ್ಮ ಸ್ನಾನಕ್ಕೆ ನೀರು ಕಾಯಿಸಿಡಲಿಲ್ಲ, ಕಾಲು ತೊಳೆಯಲು ಒಂದು ಚೊಂಬು ಕೊಟ್ಟರಷ್ಟೇ.

ಮಳೆಗಾಲ ಮುಗಿಯುತ್ತ ಬಂದಂತೆ ಹಟ್ಟಿಯವರು ಮೇವು ಹುಡುಕಿಕೊಂಡು ನಿಡುಗಲ್ಲಿನ ಕಡೆ ಹೊರಟುಹೋದರು. ಕರಿಯಕ್ಕನೂ ಹೋದಳು, ಆಡೂ ಹೋಯಿತು. ಕೆಂಚಮ್ಮನಿಗೆ ಗೊತ್ತಾದದ್ದು ತಡವಾಗಿ. ಅವಳು ಬಯ್ಯಲಿಲ್ಲ. ಮುಂದಿನ ಸೋಮವಾರ ಬಂದ ನಾಗಲಿಂಗಯ್ಯನವರಿಗೆ ಬರಿದಾದ ಗೂಟವನ್ನು ತೋರಿಸಿ, “ಅದೂ ಪಾವಗಡದ ದಾರೀನೇ ಅಲ್ವಾ ಅಯ್ನೋರೇ,” ಎಂದಳು. ಅವರು ಹಟ್ಟಿಯವರು ಮಾತು ತಪ್ಪುವವರಲ್ಲ ಎಂದರು. ಮನೆಗೆ ಬಂದು ದೇವರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತರು. ಕೆಂಚಮ್ಮ ದಿನವೂ ಗೂಟದ ಸುತ್ತ ಕಸ ಗುಡಿಸುವುದನ್ನು ಮಾತ್ರ ಬಿಡಲಿಲ್ಲ.

ದೀಪಾವಳಿ ಹತ್ತಿರವಾದ ಒಂದು ಬೆಳಿಗ್ಗೆ ಅವಳು ಒಳಗೆ ರಾಗಿ ಬೀಸುತ್ತಿದ್ದಳು. ಹೊರಗೆ ಹೇಂಟೆಗಳು ಚದುರಿದ ಸದ್ದಾಯಿತು. ಬಾಗಿಲ ಸಂದಿನಲ್ಲಿ ನೋಡಿದಳು. ಕರಿಯಕ್ಕ ಕೋಳಿಗಳ ನಡುವೆ ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದಕ್ಕೂ ತಾಗದಂತೆ ಹುಷಾರಾಗಿ ಕಾಲಿಡುತ್ತ ಬರುತ್ತಿದ್ದಳು. ಹಿಂದೆ ಆಡು. ಕೆಂಪು ಜುಟ್ಟಿನ ಹುಂಜ ಮಾಡಿನ ಮೇಲೆ ನಿಂತು ಇದನ್ನೆಲ್ಲ ಪರಾಮರಿಸುತ್ತಿತ್ತು. ಕರಿಯಕ್ಕ ಯಾರನ್ನೂ ಕೂಗಲಿಲ್ಲ. ಆಡನ್ನು ಅದರ ಗೂಟಕ್ಕೆ ಕಟ್ಟಿ, ಒಂದು ಹಿಡಿ ಹಸಿಸೊಪ್ಪು ಮುಂದಿಟ್ಟು, ಅದರ ಕಿವಿಯ ಬುಡ ಒಮ್ಮೆ ತುರಿಸಿ, ಬಂದಷ್ಟೇ ಹುಷಾರಾಗಿ ಹೊರಟುಹೋದಳು.

ಕೆಂಚಮ್ಮ ಆಮೇಲೆ ಅಂಗಳಕ್ಕೆ ಬಂದಳು. ಆಡಿನ ಜೊತೆ ತಾನು ಕೊಟ್ಟಿದ್ದ ನಾರಿನ ಹಗ್ಗ ಸುರುಳಿ ಸುತ್ತಿಕೊಂಡು ಗೂಟದ ಪಕ್ಕದಲ್ಲಿತ್ತು. ಆಡಿನ ಕೊರಳಲ್ಲಿ ಇದ್ದದ್ದು ಬೇರೆ. ಆಗತಾನೆ ಹೊಸೆದ, ಇನ್ನೂ ಕುರಿಯ ವಾಸನೆ ಹೋಗದ, ಮೊದಲ ಸಲ ಕತ್ತರಿಸಿದ ಮರಿಯುಣ್ಣೆಯ ಮೆತ್ತನೆಯ ಕರಿಹಗ್ಗ.