ಗದ್ದುಗೆಯ ಕಂಬಳಿ

ನನ್ನನ್ನು ಸೋಮಾರಿ ಅಂದವರ ಹೆಸರೆಲ್ಲ ನನಗೆ ನೆನಪಿದೆ. ಮೊದಲನೆಯ ಹೆಸರು ನಮ್ಮತ್ತೆ ಮಂಗಳಮ್ಮನವರದು.

ಮದುವೆಯಾಗಿ ಬೆಟ್ಟದಪುರಕ್ಕೆ ಬಂದ ಆರನೆಯ ವರ್ಷ, ಅಂದರೆ ಐವತ್ತಾರನೆಯ ಇಸವಿಯಲ್ಲಿ, ನನಗೆ ಚಳಿ ಹಿಡಿಯಿತು. ಬಿರುಬೇಸಿಗೆಯಲ್ಲೂ ಹೊದ್ದು ಕೂರುತ್ತಿದ್ದೆ. ಮುಖ ಊದಿತು, ಕೂದಲು ಬಾಚಣಿಗೆಗೆ ಕಿತ್ತು ಬಂತು, ದನಿ ಗಂಡಸರ ದನಿಯ ಹಾಗೆ ದಪ್ಪವಾಯಿತು. ರಾಗಿ ಬೀಸಲು ಕೂತರೆ ಗೂಟ ಹಿಡಿದುಕೊಂಡೇ ನಿದ್ದೆ. "ಉಂಡಿದ್ದೆಲ್ಲ ಮೈಗತ್ತೈತೆ, ಕೆಲ್ಸಕ್ಕೆ ಮಾತ್ರ ಕೈ ಬರಕಿಲ್ಲ" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು. ನನ್ನ ಗಂಡ ಪುಟ್ಟಮಲ್ಲಪ್ಪ ಹೊಗೆಸೊಪ್ಪಿನ ಸಸಿ ನೋಡಿದಷ್ಟು ನನ್ನ ಮುಖ ನೋಡಲಿಲ್ಲ.

ನೋಡಿದವನು ನನ್ನಣ್ಣ ಲಿಂಗಣ್ಣ. ಬಸ್ಸು ಹತ್ತಿಸಿ ಮೈಸೂರಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರಮ್ಮ ನನ್ನ ಗಂಟಲು ಮುಟ್ಟಿ, "ಇಲ್ಲೊಂದು ಗ್ರಂಥಿ ಇದೆಯಮ್ಮ, ಥೈರಾಯ್ಡ್ ಅಂತ. ಸೋಮಾರಿ ಆಗಿರೋದು ಅದು, ನೀವಲ್ಲ" ಎಂದರು. ಅಲ್ಲೇ ಅತ್ತುಬಿಟ್ಟೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ, ಬದುಕಿರುವವರೆಗೂ. ಬಿಟ್ಟರೆ ಮತ್ತೆ ಊದಿಕೊಂಡು, ಕೊನೆಗೊಂದು ದಿನ ಎಚ್ಚರವೇ ಆಗದೆ ಹೋಗಬಹುದು ಎಂದೂ ಹೇಳಿದರು.

ನಮ್ಮ ಮನೆಯಲ್ಲಿ ಲಿಂಗಪೂಜೆ ಮುಗಿದು ಪಾದೋದಕ ತೆಗೆದುಕೊಳ್ಳುವವರೆಗೆ ಯಾರೂ ಬಾಯಿಗೆ ಹನಿ ನೀರು ಹಾಕುವಂತಿಲ್ಲ. ಹಾಗಾಗಿ ಗುಳಿಗೆಯನ್ನು ಆ ತೀರ್ಥದ ಜೊತೆಯಲ್ಲೇ ನುಂಗುತ್ತಿದ್ದೆ. ಮೂರು ತಿಂಗಳಿಗೆ ಊತ ಇಳಿಯಿತು, ದನಿ ವಾಪಸು ಬಂತು. ಅತ್ತೆ ಊರಿಗೆಲ್ಲ ಹೇಳಿದ್ದೇನು? "ಪಾದೋದಕದ ಮಹಿಮೆ ಕಣ್ರವ್ವ. ಗುಳಿಗೆ ಬರೀ ನೆಪ." ಯಾರಿಗೆ ಹೆಸರು ಬಂದರೇನು, ನನ್ನ ಮೈ ಬೆಚ್ಚಗಿತ್ತು.

ಗುಳಿಗೆ ತರಲು ಹುಣಸೂರಿಗೆ ಹೋದ ಗಂಡ ಔಷಧಿ ಅಂಗಡಿಯಲ್ಲಿ, "ಇದ ಯಾವ ಬೇರಲ್ಲಿ ಮಾಡದು?" ಎಂದು ಕೇಳಿದರಂತೆ. "ಬೇರಲ್ಲ ಸ್ವಾಮಿ, ಕುರಿ ಗಂಟಲಲ್ಲಿರೋ ಗ್ರಂಥಿ ಒಣಗಿಸಿ ಮಾಡೋದು" ಎಂದನಂತೆ ಅಂಗಡಿಯವನು. ಕೇಳಿದ್ದನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಬರಬಾರದೆ? ಬಂದವರೇ ಅವ್ವನ ಮುಂದೆ ಕಕ್ಕಿದರು.

"ಲಿಂಗ ಕಟ್ದೋಳು ಬಾಡು ತಿಂದ್ಯೇನೇ? ಅದೂ ಪಾದೋದಕದ ಜತೆ?" ಅತ್ತೆ ಗುಳಿಗೆಯ ಸೀಸೆಯನ್ನು ತಿಪ್ಪೆಗೆ ಎಸೆದು ಮೇಲೊಂದು ಮಂಕರಿ ಸಗಣಿ ಸುರಿದರು. "ಪಾದೋದಕ ಒಂದೇ ಸಾಕು ನಿಂಗೆ."

ಸಾಕಾಗಲಿಲ್ಲ. ಎರಡು ತಿಂಗಳಿಗೆ ಚಳಿ, ಊತ, ನಿದ್ದೆ ಎಲ್ಲವೂ ಹಿಂದಿರುಗಿದವು. "ನಾನು ಸಾಯ್ತೀನಿ ಕಣ್ರೀ" ಎಂದೆ ಗಂಡನಿಗೆ.

"ಅವ್ವಂಗೆ ಎದುರಾಡಕಾಯ್ತದಾ? ಮಠದ ಬುದ್ಧಿಯೋರು ಬತ್ತಾರೆ, ಶುದ್ಧಿ ಮಾಡಿಸ್ಕೊ. ಎಲ್ಲ ಸರಿಯಾಯ್ತದೆ ಬುಡು."

ಇಂಥ ಗಂಡನಿಗೆ ಆರು ವರ್ಷ ಮುದ್ದೆ ಕಟ್ಟಿದ್ದೆ. ಅಣ್ಣನಿಗೆ ಹೇಳಿ ಕಳಿಸಿದೆ. ಅವನು ಇನ್ನೊಂದು ಸೀಸೆ ತಂದುಕೊಟ್ಟು, "ಕದ್ದು ನುಂಗವ್ವ" ಎಂದ. ಜೀವ ಉಳಿಸಿಕೊಳ್ಳುವುದನ್ನು ಕದ್ದು ಮಾಡಬೇಕೆ? ಒಂದು ಗುಳಿಗೆ ತೆಗೆದು ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಶುದ್ಧಿಯ ದಿನ ಮಠದ ಸ್ವಾಮಿಗಳು ಬಂದರು. ಊರಿನವರು ಜಗಲಿ ತುಂಬಿದರು. ಅತ್ತೆ ಪೆಟ್ಟಿಗೆಯಿಂದ ಕರಿಕಂಬಳಿ ತೆಗೆದು ಗದ್ದುಗೆ ಹಾಸಿದರು. ಆ ಕಂಬಳಿ ಯಾರದೆಂದು ನನಗೆ ಗೊತ್ತು. ಸಣ್ಣಬೀರಯ್ಯ ಪ್ರತಿವರ್ಷ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುತ್ತಾನೆ. ಅವನ ಕುರಿಗಳ ಉಣ್ಣೆ ಅದು.

"ಇನ್ಮೇಲೆ ಕುರೀದು ಮುಟ್ಟಕಿಲ್ಲ ಅಂತ ಬುದ್ಧಿಯೋರ ಮುಂದೆ ಹೇಳಮ್ಮಿ" ಎಂದರು ಅತ್ತೆ.

"ಹೇಳ್ತೀನಿ. ಮೊದ್ಲು ಬುದ್ಧಿಯೋರು ಗದ್ದುಗೆ ಬುಟ್ಟು ಏಳ್ಲಿ." ನನ್ನ ದಪ್ಪ ದನಿ ಅಂದು ಕೆಲಸಕ್ಕೆ ಬಂತು, ಜಗಲಿಯ ಕೊನೆಯವರಿಗೂ ಕೇಳಿಸಿತು.

"ಯಾಕೆ ತಾಯಿ?" ಎಂದರು ಸ್ವಾಮಿಗಳು.

"ನೀವು ಕೂತಿರೋದು ಕುರಿ ಕೂದ್ಲ ಮೇಲೆ ಬುದ್ಧಿ. ಮನೇಲಿ ಉಣ್ಣೋ ರಾಗಿ ಕುರಿ ಗೊಬ್ರದಲ್ಲಿ ಬೆಳ್ದದ್ದು. ಅದ್ಯಾವ್ದೂ ಮೈಲಿಗೆ ಅಲ್ಲ. ನನ್ ಜೀವ ಉಳಿಸ್ದಾಗ ಮಾತ್ರ ಕುರಿ ಮೈಲಿಗೆ ಆಯ್ತಾ?"

"ಉಣ್ಣೆ ಕತ್ತರಿಸಿದರೆ ಕುರಿ ಸಾಯುವುದಿಲ್ಲ ತಾಯಿ. ಗಂಟಲು ಕತ್ತರಿಸಿದರೆ ಸಾಯುತ್ತದೆ."

"ಗುಳಿಗೆ ಬುಟ್ರೆ ನಾನು ಸಾಯ್ತೀನಿ ಬುದ್ಧಿ. ಆ ಪಾಪ ಯಾರ್ಗೆ?"

ಸ್ವಾಮಿಗಳು ಕಂಬಳಿಯನ್ನೇ ನೋಡುತ್ತ ಕೂತರು. ಏಳಲಿಲ್ಲ.

ಸೆರಗಿನ ಗಂಟು ಬಿಚ್ಚಿ ಗುಳಿಗೆ ಬಾಯಿಗೆ ಹಾಕಿಕೊಂಡೆ. ಪಾದೋದಕದ ಬಟ್ಟಲು ಅತ್ತೆಯ ಕೈಯಲ್ಲಿತ್ತು. ಅಂಗೈ ಒಡ್ಡಿದೆ. ಅವರು ಬಟ್ಟಲನ್ನು ಹಿಂದಕ್ಕೆಳೆದುಕೊಂಡರು. ಗಂಡನ ಕಡೆ ತಿರುಗಿದೆ. ಅವರು ಸೂರು ನೋಡುತ್ತಿದ್ದರು. ಬರೀ ಎಂಜಲಲ್ಲೇ ನುಂಗಿದೆ.

ಅಂದಿನಿಂದ ನನ್ನ ಒಲೆ ಬೇರೆ, ಹಿತ್ತಲಲ್ಲಿ. ಲಿಂಗ ನನ್ನ ಕೊರಳಲ್ಲೇ ಇದೆ; ಬಿಚ್ಚಲು ಬಂದವರ ಕೈ ಮುರಿಯುತ್ತೇನೆ ಎಂದಿದ್ದೇನೆ. ನನ್ನ ಲಿಂಗಪೂಜೆ ನಾನೇ ಮಾಡಿ, ಆ ಪಾದೋದಕದಲ್ಲೇ ಗುಳಿಗೆ ನುಂಗುತ್ತೇನೆ. ಮುಖ ಇಳಿದಿದೆ, ಕೈ ಬೆಚ್ಚಗಿದೆ.

ನಿನ್ನೆ ಬೀದಿಯಲ್ಲಿ ಯಾರೋ ಕೇಳಿದರು, ನಿಮ್ಮ ಸೊಸೆ ಹೇಗೆ ಗೆಲುವಾದಳು ಎಂದು. ಅತ್ತೆಯ ಉತ್ತರ ಹಿತ್ತಲಿನವರೆಗೂ ಕೇಳಿಸಿತು. "ಬುದ್ಧಿಯೋರು ಮನೇಲಿ ಪಾದ ಮಡಗುದ್ರಲ್ಲ ಕಣವ್ವ, ಅವತ್ತಿಂದ."