ಕೆಂಪು ದೀಪ ಹೊತ್ತಿಸಿದ ಉಣ್ಣೆಯಂಗಿ

ಬೆಳಿಗ್ಗೆ ಹತ್ತೂವರೆಗೆ ತಂಗಿ ಶೀತಕೋಣೆಯೊಳಗೆ ಹೋದಳು. ಒಳಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ಕೋಟಿನ ಕೆಳಗೆ ಉಣ್ಣೆಯ ಅಂಗಿ. ಅದನ್ನು ಹೆಣೆದವಳು ಅಕ್ಕ; ಎದೆಬಡಿತ, ಉಸಿರು, ಮೈಶಾಖ ಅಳೆಯುವ ಲೋಹದ ಎಳೆಗಳನ್ನು ಅದರಲ್ಲಿ ಕೂರಿಸಿದವಳು ತಂಗಿ.

ಅಕ್ಕ ಹೊರಗೆ ಪರದೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ, ಹಿಮದಲ್ಲಿ ಸಿಕ್ಕಿಕೊಂಡವರನ್ನು ಹುಡುಕಿ ತರುವ ದಳದ ಮುಖ್ಯಸ್ಥರು ಮತ್ತು ಒಬ್ಬ ಡಾಕ್ಟರು. ಹೋದ ಸಲ ಇವರೆದುರೇ ಅಂಗಿ ಮಾನ ಕಳೆದಿತ್ತು. ಎಳೆಗಳು ಬೆವರಿಗೆ ಒದ್ದೆಯಾಗಿ, ತೊಟ್ಟವನಿಗೆ ಏನೂ ಆಗದಿದ್ದರೂ ಅಪಾಯವೆಂದು ಪರದೆಯಲ್ಲಿ ಕೆಂಪು ದೀಪ ಹೊತ್ತಿಸಿತ್ತು. ಅಕ್ಕ ಎದೆಪಟ್ಟಿ ಪೂರ್ತಿ ಬಿಚ್ಚಿ, ಬೆವರು ನಿಲ್ಲದಂತೆ ಹೊಸದಾಗಿ ಹೆಣೆದಿದ್ದಳು. ಇವತ್ತೂ ಎಡವಿದರೆ ದಳ ಅಂಗಿಗೆ ಬೇರೆಯವರನ್ನು ಹುಡುಕಿಕೊಳ್ಳುತ್ತದೆ.

“ಹೇಗಿದೀಯೇ?” ಅಕ್ಕ ಮೈಕಿನಲ್ಲಿ ಕೇಳಿದಳು.

“ಮಹಾರಾಣಿ ಥರ ಇದೀನಿ. ಊಟ ಯಾವಾಗ?”

ಮುಖ್ಯಸ್ಥರು ನಕ್ಕರು. ಅರ್ಧ ಗಂಟೆ ಕಳೆಯುತ್ತಿದ್ದಂತೆ ಮೈಶಾಖದ ಗೆರೆ ಕೆಳಗಿಳಿಯತೊಡಗಿತು. ಕೆಂಪು ದೀಪ ಹೊತ್ತಿತು.

“ಬಾಗಿಲು ತೆಗೀತೀನಿ.”

“ಬೇಡ ಕಣೇ ಅಕ್ಕಾ! ನಂಗೇನಾಗಿದೆ? ನಿನ್ನ ಅಂಗಿ ಮತ್ತೆ ಸುಳ್ಳು ಹೇಳ್ತಿದೆ. ಈಗ ತೆಗೆದ್ರೆ ಎಲ್ಲಾ ನೀರುಪಾಲು.”

“ಓಹೋ, ಚೆನ್ನಾಗಿದ್ರೆ ನಮ್ಮ ಅಂಗಿ, ಕೆಟ್ರೆ ನನ್ನ ಅಂಗಿ!”

ಗಾಜಿನಾಚೆ ತಂಗಿ ನೆಟ್ಟಗೆ ಕೂತು ‘ಬೇಡ’ ಎಂದು ಕೈಯಾಡಿಸುತ್ತಿದ್ದಳು. ನೋಡಿದರೆ ಗುಂಡುಕಲ್ಲಿನಂತಿದ್ದಳು. ಮುಖ್ಯಸ್ಥರು ಅಕ್ಕನ ಮುಖವನ್ನೇ ನೋಡುತ್ತಿದ್ದರು. ದೀಪ ಸುಳ್ಳಾದರೆ ಒಂದು ವರ್ಷದ ದುಡಿಮೆ ಮಣ್ಣುಪಾಲು. ಆದರೆ ಆ ಎದೆಪಟ್ಟಿಯ ಒಂದೊಂದು ಸಾಲೂ ಅಕ್ಕನ ಬೆರಳ ಕೆಳಗೆ ಹಾದುಹೋಗಿತ್ತು. ತಂಗಿಯ ಬಾಯಿಗಿಂತ ಅದನ್ನೇ ನಂಬುವುದೆಂದು ಎದ್ದು ಬಾಗಿಲ ಹಿಡಿ ಎಳೆದಳು.

ತಂಗಿ ಕೆಂಡವಾಗಿ ಹೊರಬಂದಳು. “ಹಾಳು ಮಾಡ್ದೆ, ಎಲ್ಲಾ ಹಾಳು...” ನಾಲಿಗೆ ತೊದಲುತ್ತಿತ್ತು. ಕೋಟಿನ ಜಿಪ್ಪನ್ನು ಹಿಡಿಯಲು ಹೋದ ಬೆರಳುಗಳಿಗೆ ಅದು ಸಿಗಲೇ ಇಲ್ಲ. ಡಾಕ್ಟರು ಕಂಬಳಿ ಹೊದಿಸಿ ಕೂರಿಸಿ, ತಮ್ಮ ಥರ್ಮಾಮೀಟರಿನಲ್ಲಿ ನೋಡಿದರು.

“ಮೂವತ್ತೇಳು ಡಿಗ್ರಿ ಇರಬೇಕಾದದ್ದು ಮೂವತ್ತೈದಕ್ಕಿಂತ ಕೆಳಗಿದೆ. ಅಂಗಿ ಹೇಳಿದ್ದೇ ಸರಿ.”

ಅಕ್ಕನ ಎದೆ ಅರಳಿತು. ಮುಚ್ಚಿಡಲು ಅವಳು ಹೋಗಲಿಲ್ಲ.

“ಹೆಣೆದಿದ್ದು ಯಾರು?” ಮುಖ್ಯಸ್ಥರು ಕೇಳಿದರು.

“ನಾನು. ಅಂಗಿಗೆ ಬುದ್ಧಿ ಕೊಟ್ಟವಳು ಇವಳು. ಈಗ ನೋಡಿ, ಇವಳ ಮಾತನ್ನೇ ಅದು ಕೇಳಲ್ಲ.”

“ಥೇಟ್ ನಿನ್ನ ಹಾಗೆ,” ಎಂದಿತು ಕಂಬಳಿಯೊಳಗಿನ ದನಿ, ಹಲ್ಲು ಕಟಕಟಿಸುತ್ತಾ.

ಮಧ್ಯಾಹ್ನ ಊಟವಾದ ಮೇಲೆ ಮುಖ್ಯಸ್ಥರು ಅಕ್ಕ ಹೆಣೆದಿದ್ದ ದೊಡ್ಡ ಅಳತೆಯ ಇನ್ನೊಂದು ಅಂಗಿ ತೊಟ್ಟು ತಾವೇ ಶೀತಕೋಣೆಯೊಳಗೆ ಹೋದರು.